ಹಿಂದೀ ಚಿತ್ರಪಟಕ್ಕೆ ಹೊಸಬರು

ಊರಿನಿಂದ ಹೊಸದಾಗಿ ಮುಂಬಯಿಗೆ ಬಂದು ನೆಲೆಸಿದ ಕನ್ನಡ ಬಂಧುಗಳು ಸಂಘದ ಸಮಾರಂಭಗಳಲ್ಲಿ ಭೇಟಿಯಾದಾಗ, ಬಾಡಿಗೆ, ನೀರು, ಮಕ್ಕಳ ಶಾಲೆ ಇವುಗಳ ಮಾತು ಮುಗಿದ ಮೇಲೆ ಇನ್ನೊಂದು ಮಾತನ್ನು ಎತ್ತುವುದುಂಟು. “ಅಲ್ಲ ಸ್ವಾಮಿ, ಇಲ್ಲಿಯವರಿಗೆ ಈ ಹಿಂದೀ ಸಿನೇಮಾದ ಹುಚ್ಚು ಹೇಗೆ ಹಿಡಿಯಿತು? ಮೂರು ಗಂಟೆ ಕುಳಿತಿರಬೇಕು. ನಡುನಡುವೆ ಕಾರಣವಿಲ್ಲದೆ ಹಾಡು ಬರಬೇಕು. ಬಾಲ್ಯದಲ್ಲಿ ಅಗಲಿದ ಅಣ್ಣತಮ್ಮಂದಿರು ಕೊನೆಯಲ್ಲಿ ಸೇರಲೇಬೇಕು. ಇದನ್ನು ನೀವು ಹೇಗೆ ನೋಡುತ್ತೀರಿ?”

ಪ್ರಶ್ನೆ ನ್ಯಾಯವಾದದ್ದೇ. ಒಂದು ಕಾಲದಲ್ಲಿ ನಾವೂ ಇದನ್ನು ಕೇಳಿದ್ದೇವೆ. ಕೇಳಿದ್ದು ಮಾತ್ರವಲ್ಲ, ಮೂಗನ್ನೂ ಮುರಿದಿದ್ದೇವೆ. ಹಾಗೆ ಮುರಿದ ಮೂಗು ನೆಟ್ಟಗಾದ ಕತೆಯನ್ನು ಹೇಳಿದರೆ ಹೊಸಬರಿಗೆ ಅಷ್ಟಿಷ್ಟು ಪ್ರಯೋಜನವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

1981ನೆಯ ಇಸವಿಯ ಮೇ ತಿಂಗಳಲ್ಲಿ ಬ್ಯಾಂಕಿನ ವರ್ಗಾವಣೆಯ ಹುಕುಮು ಹಿಡಿದು ನಾವು ಈ ನಗರಕ್ಕೆ ಬಂದೆವು. ಆಗ ಕೊಂಕಣ ರೈಲು ಇರಲಿಲ್ಲ. ಕುಂದಾಪುರದಿಂದ ಬಸ್ಸಿನಲ್ಲಿ ಹಗಲಿರುಳು ಕುಲುಕಾಡಿ ಬಂದು ಇಳಿದ ನಮ್ಮ ಸಂಸಾರದಲ್ಲಿ ನಾವು, ನಮ್ಮ ಮನೆಯಾಕೆ, ಕಂಕುಳಲ್ಲೊಂದು ಕೂಸು, ಮತ್ತು ನಮ್ಮ ತಾಯಿಯವರು. ತಂದೆಯವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಊರಿನ ಮನೆಗೆ ಬೀಗ ಹಾಕಿ ಅಮ್ಮನನ್ನು ಕರೆತಂದಿದ್ದೆವು. ಸಾಯನ್ ಕೋಳಿವಾಡೆಯ ಹತ್ತಿರ ಮೂರನೆಯ ಮಹಡಿಯಲ್ಲಿ ಎರಡು ಕೋಣೆ ದೊರೆತವು.

ಅಲ್ಲಿಂದ ನಮ್ಮ ಕಷ್ಟಕ್ಕೆ ಮೊದಲು. ನಮಗೆ ಬ್ಯಾಂಕಿನಲ್ಲಿ ಇಂಗ್ಲಿಷು ನಡೆಯುತ್ತಿತ್ತು. ಮನೆಯಾಕೆ ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ತರಕಾರಿಯವನೊಡನೆ ಚೌಕಾಸಿ ಮಾಡುವಷ್ಟಕ್ಕೆ ಬಂದಳು. ಅಮ್ಮನಿಗೆ ಮಾತ್ರ ಇವೆರಡೂ ಇಲ್ಲ. ಊರಿನಲ್ಲಿ ಬೆಳಗಿನಿಂದ ಬೈಗಿನ ತನಕ ಹತ್ತು ಮನೆಯವರೊಡನೆ ಮಾತನಾಡಿದ ಜೀವ, ಇಲ್ಲಿ ಕಿಟಕಿಯ ಸರಳು ಹಿಡಿದು ಕೆಳಗಿನ ರಸ್ತೆಯನ್ನು ನೋಡುತ್ತ ಕುಳಿತುಕೊಳ್ಳತೊಡಗಿತು. ಊಟ ಕಡಮೆಯಾಯಿತು. ಒಂದು ರಾತ್ರಿ, “ಮಾಣಿ, ನನ್ನನ್ನು ಊರಿಗೆ ಬಿಟ್ಟು ಬಾ. ಅಲ್ಲಿ ಬೀಗ ಹಾಕಿದ ಮನೆಯೊಟ್ಟಿಗಾದರೂ ಕನ್ನಡದಲ್ಲಿ ಮಾತಾಡುತ್ತೆ,” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಊರಿನಲ್ಲಿ ಅವರನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ.

ನಮ್ಮ ಎದುರು ಮನೆಯಲ್ಲಿ ಒಂದು ಪಂಜಾಬಿ ಕುಟುಂಬವಿತ್ತು. ಆ ಮನೆಯೊಡತಿಗೆ ಆಗ ನಲವತ್ತೈದು ದಾಟಿದ್ದೀತು. ಗಟ್ಟಿ ದನಿ, ಗಟ್ಟಿ ನಗು. ಅವರು ನಮ್ಮ ಅಮ್ಮನನ್ನು ಮೊದಲ ದಿನದಿಂದಲೇ “ಮಾಜೀ” ಎಂದು ಕರೆದರು. ಅಮ್ಮ ಅವರನ್ನು “ಪಂಜಾಬಿಯಮ್ಮ” ಎಂದರು. ಅದಕ್ಕೆ ಮೇಲ್ಪಟ್ಟು ಇಬ್ಬರ ನಡುವೆ ಮಾತು ಸಾಗುತ್ತಿರಲಿಲ್ಲ. ಒಂದು ಭಾನುವಾರ ಆ ಮಹಾತಾಯಿ ನಮ್ಮ ಬಾಗಿಲಲ್ಲಿ ನಿಂತು, ಹತ್ತಿರದ ಥಿಯೇಟರಿನಲ್ಲಿ ಮಧ್ಯಾಹ್ನದ ಆಟಕ್ಕೆ ಹಳೆಯ ಚಿತ್ರವೊಂದು ಮತ್ತೆ ಬಂದಿದೆಯೆಂದೂ, ಮಾಜೀಯನ್ನು ಕರೆದುಕೊಂಡು ಹೋಗುವುದಾಗಿಯೂ ಸಾರಿದರು. ಭಾಷೆ ಬಾರದವರನ್ನು ಒಬ್ಬರನ್ನೇ ಕಳುಹಿಸುವುದು ಹೇಗೆಂದು ನಾವೂ ಹೊರಟೆವು. ಅನುವಾದ ಮಾಡಿ ಹೇಳುವ ಘನಕಾರ್ಯ ನಮ್ಮದೆಂದು ತಿಳಿದುಕೊಂಡಿದ್ದೆವು.

ಚಿತ್ರ ಮನಮೋಹನ ದೇಸಾಯಿಯವರ ‘ಅಮರ್ ಅಕ್ಬರ್ ಆಂಥೊನಿ’. 1977ರಲ್ಲಿ ತೆರೆ ಕಂಡದ್ದು. ಬಲ್ಲವರಿಗೆ ಕತೆ ಹೇಳಬೇಕಾಗಿಲ್ಲ. ಹೊಸಬರಿಗಾಗಿ ಎರಡು ಮಾತು: ಆಗಸ್ಟ್ 15ರ ದಿವಸ ಮೂವರು ಮಕ್ಕಳು ತಂದೆತಾಯಿಯಿಂದ ಅಗಲುತ್ತಾರೆ. ಒಬ್ಬನು ಹಿಂದುವಾಗಿಯೂ, ಒಬ್ಬನು ಮುಸಲ್ಮಾನನಾಗಿಯೂ, ಒಬ್ಬನು ಕ್ರೈಸ್ತನಾಗಿಯೂ ಬೆಳೆಯುತ್ತಾರೆ. ದೊಡ್ಡವರಾದ ಮೇಲೆ ಅಪಘಾತಕ್ಕೆ ಸಿಕ್ಕಿದ ಹೆಂಗಸೊಬ್ಬಳಿಗೆ ಮೂವರೂ ಅಕ್ಕಪಕ್ಕದ ಮಂಚಗಳಲ್ಲಿ ಮಲಗಿ ರಕ್ತದಾನ ಮಾಡುತ್ತಾರೆ. ಮೂವರ ರಕ್ತವೂ ಏಕಕಾಲದಲ್ಲಿ ಆಕೆಯ ಮೈಗೆ ಹರಿಯುತ್ತದೆ. ಆಕೆಯೇ ಹೆತ್ತ ತಾಯಿ. ಅದು ಅವರಿಗೂ ಗೊತ್ತಿಲ್ಲ, ಆಕೆಗೂ ಗೊತ್ತಿಲ್ಲ.

ಇಲ್ಲಿ ನಾವು ಕಿಸಕ್ಕನೆ ನಕ್ಕೆವು. ರಕ್ತ ಕೊಡುವ ಕ್ರಮ ಇದಲ್ಲವೆಂದು ಅಮ್ಮನ ಕಿವಿಯಲ್ಲಿ ವೈದ್ಯಶಾಸ್ತ್ರದ ಉಪನ್ಯಾಸವನ್ನೂ ಆರಂಭಿಸಿದೆವು. ಅಮ್ಮ ಕಣ್ಣನ್ನು ತೆರೆಯಿಂದ ಕೀಳದೆ ಹೇಳಿದರು: “ಸುಮ್ಮನಿರು ಮಾಣಿ. ಆಟದಲ್ಲಿ ರಕ್ಕಸ ರಂಗಸ್ಥಳಕ್ಕೆ ಒಂದು ಸುತ್ತು ಬಂದರೆ ಮೂರು ಕಾಡು ದಾಟಿದ ಹಾಗೆ. ಆಗ ನೀನು ಮೈಲಿಗಲ್ಲು ಎಣಿಸಿದ್ದೀಯಾ?”

ನಾವು ಬಾಯಿ ಮುಚ್ಚಿದೆವು. ತುಸು ಹೊತ್ತಿನಲ್ಲಿ ಒಂದು ಹಾಡು ಬಂತು. ಮೂವರು ನಾಯಕರು, ಮೂವರು ನಾಯಿಕೆಯರು, ಒಂದೇ ಹಾಡು. ನಾಯಕರಿಗೆ ಮುಕೇಶ್, ಕಿಶೋರ್, ರಫಿ ಮೂವರ ದನಿಗಳು. ನಾಯಿಕೆಯರು ಮೂವರಿಗೂ ಲತಾ ಮಂಗೇಶಕರ್ ಒಬ್ಬರದೇ ದನಿ. ಇದೇನು ಅನ್ಯಾಯವೆಂದು ನಾವು ಗೊಣಗುವಷ್ಟರಲ್ಲಿ ಅಮ್ಮ ಕೇಳಿದರು: “ಭಾಗವತರು ಎಲ್ಲಿ ಕೂತಿದ್ದಾರೆ? ಕಾಣುವುದೇ ಇಲ್ಲವಲ್ಲ!”

ವಾಚಕರೇ, ನಾವು ಹಿಂದೀ ಚಿತ್ರಪಟವನ್ನು ನೋಡಲು ಕಲಿತದ್ದು ಆ ಒಂದು ಪ್ರಶ್ನೆಯಿಂದ. ಯಕ್ಷಗಾನದ ಬಯಲಾಟದಲ್ಲಿ ರಾಮನ ಪದ್ಯವನ್ನೂ ರಾವಣನ ಪದ್ಯವನ್ನೂ ಸೀತೆಯ ಪದ್ಯವನ್ನೂ ಭಾಗವತರೊಬ್ಬರೇ ಹಾಡುತ್ತಾರೆ. ವೇಷಧಾರಿ ಕುಣಿದು ಭಾವ ತೋರಿಸುತ್ತಾನೆ. ಆ ದನಿ ಸೀತೆಯದಲ್ಲವೆಂದು ಯಾರೂ ಎದ್ದು ಹೋಗುವುದಿಲ್ಲ. ಇಲ್ಲಿ ಭಾಗವತರು ತೆರೆಯ ಹಿಂದೆ ಕುಳಿತಿದ್ದಾರೆ, ಅಷ್ಟೇ. ನಾಯಕನು ಮೊದಲ ಬಾರಿ ಕಾಣಿಸಿಕೊಳ್ಳುವಾಗ ನಡೆಯುವ ಸಂಭ್ರಮ ನಮ್ಮ ಒಡ್ಡೋಲಗ. ಅಳುವಿನ ಪ್ರಸಂಗದ ಮಧ್ಯೆ ನಗಿಸಲು ಬರುವವನು ನಮ್ಮ ಹಾಸ್ಯಗಾರ. ಕತೆ ಮೊದಲೇ ಗೊತ್ತಿದ್ದರೂ ನೋಡುವ ಸುಖಕ್ಕೆ ಭಂಗವಿಲ್ಲ. ಕರ್ಣ ಸಾಯುತ್ತಾನೆಂದು ತಿಳಿದಿದ್ದೇ ಅಲ್ಲವೇ ನಾವು ಬೆಳಗಿನ ಜಾವದ ತನಕ ಚಾಪೆಯ ಮೇಲೆ ಕುಳಿತಿರುತ್ತಿದ್ದುದು? ಒಂದಕ್ಷರ ಹಿಂದಿ ಬಾರದ ಅಮ್ಮ ಅರ್ಧ ಗಂಟೆಯಲ್ಲಿ ಒಳಗೆ ಹೋಗಿ ಕುಳಿತಿದ್ದರು. ಇಂಗ್ಲಿಷ್ ಚಿತ್ರಗಳ ಅಳತೆಗೋಲು ಹಿಡಿದು ಬಂದ ನಾವು ಹೊರಗೇ ನಿಂತಿದ್ದೆವು.

ಆ ದಿನದ ಪಾಠ ಅಲ್ಲಿಗೇ ಮುಗಿಯಲಿಲ್ಲ. ಚಿತ್ರ ಮುಂದುವರಿದು, ಅಗಲಿದವರು ಒಬ್ಬೊಬ್ಬರಾಗಿ ಸೇರತೊಡಗಿದಾಗ ಪಕ್ಕದಲ್ಲಿ ಬಿಕ್ಕುವ ಸದ್ದು ಕೇಳಿಸಿತು. ನೋಡಿದರೆ, ಸದಾ ಗಟ್ಟಿಯಾಗಿ ನಗುವ ನಮ್ಮ ಪಂಜಾಬಿಯಮ್ಮ ದುಪಟ್ಟಾದ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಾರೆ. ಇಂಥ ಹುಚ್ಚು ಕತೆಗೆ ಇಷ್ಟು ಅಳುವೇ ಎಂದು ನಾವು ಮನಸ್ಸಿನಲ್ಲಿ ಅಂದುಕೊಂಡೆವು. ಅಮ್ಮ ಏನೂ ಕೇಳದೆ ಅವರ ಕೈಯನ್ನು ಹಿಡಿದುಕೊಂಡರು.

ಸಂಗತಿ ತಿಳಿದದ್ದು ಸಂಜೆ, ಚಹಾ ಕುಡಿಯುವಾಗ. ಅವರು ರಾವಳಪಿಂಡಿಯ ಕಡೆಯವರು. 1947ರಲ್ಲಿ ಹನ್ನೆರಡು ವರ್ಷದ ಹುಡುಗಿ. ಮನೆಯವರೊಡನೆ ಗಡಿ ದಾಟಿ ಬರುವಾಗ ಒಂದು ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಐದು ವರ್ಷದ ತಮ್ಮನ ಕೈ ಇವರ ಕೈಯಿಂದ ಜಾರಿತು. ಆಮೇಲೆ ಆ ಹುಡುಗನ ಸುದ್ದಿಯೇ ಇಲ್ಲ. ಶಿಬಿರಗಳಲ್ಲಿ ಹುಡುಕಿದರು, ತಂದೆ ಸಾಯುವ ತನಕ ಕಾಗದ ಬರೆದರು. ಇದನ್ನು ಹೇಳಿ, ಕಣ್ಣೊರೆಸಿಕೊಂಡು, ಅವರು ನಗಲು ಪ್ರಯತ್ನಿಸಿದರು: “ಸಿನೇಮಾದಲ್ಲಾದರೂ ಸಿಗುತ್ತಾರಲ್ಲ, ಭಾಯಿಸಾಹೇಬ್.”

ನಮ್ಮ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಮ್ಮ ವೈದ್ಯಶಾಸ್ತ್ರದ ಉಪನ್ಯಾಸ ನೆನಪಾಗಿ ನಾಚಿಕೆಯಾಯಿತು.

ವಿಭಜನೆಯ ತರುವಾಯ ಪಂಜಾಬಿನಿಂದ ಬಂದ ನಿರಾಶ್ರಿತರು ನೆಲೆ ನಿಂತ ಬಡಾವಣೆ ಸಾಯನ್ ಕೋಳಿವಾಡೆಯದು. ಹಿಂದೀ ಚಿತ್ರಗಳನ್ನು ತೆಗೆದವರಲ್ಲಿಯೂ ಹಾಗೆ ಬಂದವರು ಬಹಳ ಮಂದಿ. 1965ರ ‘ವಕ್ತ್’ ಎಂಬ ಚಿತ್ರದಲ್ಲಿ ಒಂದು ಶ್ರೀಮಂತ ಕುಟುಂಬ ಭೂಕಂಪದಿಂದ ಒಂದೇ ರಾತ್ರಿಯಲ್ಲಿ ಚದರಿಹೋಗುತ್ತದೆ. ಅದನ್ನು ನಿರ್ಮಿಸಿದ ಬಿ. ಆರ್. ಚೋಪ್ರಾ ಲಾಹೋರಿನಲ್ಲಿ ಪತ್ರಕರ್ತರಾಗಿದ್ದು 1947ರಲ್ಲಿ ಊರು ಬಿಟ್ಟು ಬಂದವರು. ತೆರೆಯ ಮೇಲೆ ನಡುಗಿದ್ದು ಬರಿಯ ಭೂಮಿಯಲ್ಲವೆಂದು ನೋಡಿದವರಲ್ಲಿ ಅನೇಕರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಹಾಗೆಂದು ಕಳೆದು ಸಿಗುವ ಕತೆಗಳೆಲ್ಲ ವಿಭಜನೆಯಿಂದಲೇ ಹುಟ್ಟಿದವೆಂದು ನಾವು ಹೇಳುವುದಿಲ್ಲ. 1943ರ ‘ಕಿಸ್ಮತ್’ನಲ್ಲಿಯೇ ಮನೆ ಬಿಟ್ಟ ಮಗ ಕೊನೆಯಲ್ಲಿ ಸಿಗುತ್ತಾನೆ, ನಮ್ಮ ಶಾಕುಂತಲದಲ್ಲಿಯೂ ಕಳೆದ ಉಂಗುರ ಸಿಗುತ್ತದೆ. ಆದರೆ ಕಳಕೊಂಡವರು ನೋಡುವಾಗ ಆ ಹಳೆಯ ಕತೆಗೆ ಬೇರೆಯೇ ತೂಕ ಬರುತ್ತದೆ. ನಾವು ಕಾಕತಾಳೀಯವೆಂದು ನಕ್ಕದ್ದನ್ನು ಪಕ್ಕದ ಕುರ್ಚಿಯವರು ಹರಕೆಯ ಹಾಗೆ ನೋಡುತ್ತಿರಬಹುದು. ಹೊಸಬರಿಗೆ ನಮ್ಮ ಮೊದಲ ಸಲಹೆ ಇದೇ: ನಗುವ ಮೊದಲು ಪಕ್ಕದವರನ್ನು ಒಮ್ಮೆ ನೋಡಿರಿ.

ಎರಡನೆಯ ಮಾತು ಹಾಡಿನ ವಿಷಯ. ‘ಕತೆ ನಿಲ್ಲಿಸಿ ಹಾಡುತ್ತಾರೆ’ ಎಂಬುದು ಸಾಮಾನ್ಯವಾದ ದೂರು. ಆದರೆ ಹಾಡು ಕತೆಗೆ ಆಮೇಲೆ ಅಂಟಿಸಿದ್ದಲ್ಲ. ಭಾರತದ ಮೊದಲ ವಾಕ್ಚಿತ್ರ, ಅರ್ದೇಶೀರ್ ಇರಾನಿಯವರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಇದೇ ಮುಂಬಯಿಯ ಮೆಜೆಸ್ಟಿಕ್ ಥಿಯೇಟರಿನಲ್ಲಿ ಬಿಡುಗಡೆಯಾಯಿತು. ಅದರಲ್ಲಿಯೇ ಏಳು ಹಾಡುಗಳಿದ್ದುವು. ಅದು ಪಾರ್ಸೀ ರಂಗಭೂಮಿಯ ನಾಟಕವೊಂದರಿಂದ ಬಂದ ಚಿತ್ರ. ಪಾರ್ಸೀ ನಾಟಕ ಕಂಪೆನಿಗಳ ಬಣ್ಣದ ಪರದೆ, ಹಾಡು, ಅಬ್ಬರ ಇವೆಲ್ಲ ನಮ್ಮ ಕನ್ನಡದ ಕಂಪೆನಿ ನಾಟಕಗಳ ಮೇಲೂ ಪ್ರಭಾವ ಬೀರಿದಂಥವು. ಹೀಗಾಗಿ ಹಿಂದೀ ಚಿತ್ರಪಟವೂ ನಮ್ಮ ಕಂಪೆನಿ ನಾಟಕವೂ ಹತ್ತಿರದ ಬಂಧುಗಳು. ನಟರ ಪರವಾಗಿ ಬೇರೊಬ್ಬರು ಹಾಡುವ ಪದ್ಧತಿ 1935ರ ಹೊತ್ತಿಗೆ ಆರಂಭವಾಯಿತು. ಅದಕ್ಕೆ ಮುಂಚೆ ನಟರೇ ಹಾಡಬೇಕಾಗಿತ್ತು. ಇಷ್ಟು ತಿಳಿದರೆ ಸಾಕು. ಹಾಡು ಬಂದಾಗ ಕತೆ ನಿಂತಿತೆಂದು ಗಡಿಯಾರ ನೋಡಬೇಡಿರಿ. ಪಾತ್ರಗಳು ಬಾಯಿಬಿಟ್ಟು ಆಡಲಾರದ ಮಾತು ಎಷ್ಟೋ ವೇಳೆ ಹಾಡಿನಲ್ಲೇ ಬರುತ್ತದೆ.

ಮೂರನೆಯದು ಭಾಷೆ. ಹಿಂದಿ ಬಾರದೆಂದು ಹಿಂಜರಿಯುವವರಿಗೆ ಒಂದು ಗುಟ್ಟು ಹೇಳುತ್ತೇವೆ: ತಾಲೂಕು ಕಚೇರಿಯ ಮೆಟ್ಟಿಲು ಹತ್ತಿದ ಕನ್ನಡಿಗನಿಗೆ ಹಿಂದೀ ಸಿನೇಮಾದ ಅರ್ಧ ಭಾಷೆ ಬಂದ ಹಾಗೆಯೇ. ಚಿತ್ರಗಳ ಮಾತಿನಲ್ಲಿ ಫಾರಸಿ, ಅರಬಿ ಮೂಲದ ಉರ್ದು ಶಬ್ದಗಳು ಧಾರಾಳ. ಅವುಗಳಲ್ಲಿ ಎಷ್ಟೋ ಶಬ್ದಗಳು ನವಾಬರ, ಸುಲ್ತಾನರ ಆಡಳಿತದ ಕಾಲದಿಂದ ನಮ್ಮಲ್ಲಿಯೂ ಬೇರೂರಿವೆ. ವಕೀಲ, ಕೈದಿ, ಕಾನೂನು, ಜಾಮೀನು, ಫಿರ್ಯಾದು, ಹಾಜರು, ತಾರೀಖು, ಸಜೆ, ಜಪ್ತಿ, ಗುಲಾಮ, ದರ್ಬಾರು, ಖಜಾನೆ – ಇಷ್ಟನ್ನು ಹಿಡಿದುಕೊಂಡು ಯಾವ ಕೋರ್ಟಿನ ದೃಶ್ಯವನ್ನಾದರೂ ದಾಟಬಹುದು. ಇನ್ನು ‘ದಿಲ್’, ‘ಪ್ಯಾರ್’, ‘ಇಜ್ಜತ್’, ‘ವಾದಾ’ ಈ ನಾಲ್ಕನ್ನು ಕಲಿಯಲು ಒಂದು ಚಿತ್ರ ಸಾಕು.

ಸಂಸ್ಕೃತದ ಕಡೆಯಿಂದಲೂ ನಮಗೆ ಬಾಗಿಲು ತೆರೆದಿದೆ. ಹೃಷೀಕೇಶ ಮುಖರ್ಜಿಯವರ ‘ಚುಪ್‌ಕೇ ಚುಪ್‌ಕೇ’ (1975) ಚಿತ್ರದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನೊಬ್ಬನು ಡ್ರೈವರನ ವೇಷ ಹಾಕಿ, ಒಂದೇ ಒಂದು ಇಂಗ್ಲಿಷ್ ಶಬ್ದ ಬೆರೆಸದೆ, ಅಚ್ಚ ಸಂಸ್ಕೃತಮಯವಾದ ಹಿಂದಿಯಲ್ಲಿ ಮಾತಾಡಿ ಮನೆಯವರನ್ನು ಕಾಡುತ್ತಾನೆ. ಹಿಂದಿಯನ್ನೇ ಮನೆಮಾತಾಗಿ ಆಡುವವರು ಅಲ್ಲಿ ತಬ್ಬಿಬ್ಬಾಗುತ್ತಾರೆ. ಥಿಯೇಟರಿನಲ್ಲಿ ಎಲ್ಲರಿಗಿಂತ ಮೊದಲು ಅರ್ಥವಾಗಿ ನಕ್ಕವರು ನಾವೇ! ಹೊಸಬರಿಗೆ ಆತ್ಮವಿಶ್ವಾಸ ಬರಬೇಕಾದರೆ ಇದಕ್ಕಿಂತ ಒಳ್ಳೆಯ ಔಷಧ ಇಲ್ಲ.

ಅಮ್ಮನ ಹಿಂದಿಯಂತೂ ಸಿನೇಮಾದ ಹಿಂದಿಯೇ. ಆ ಮೊದಲ ಆಟದ ಅನಂತರ ಅವರಿಬ್ಬರಿಗೆ ಅದೊಂದು ವ್ರತವಾಯಿತು. ಭಾನುವಾರ ಸಂಜೆ ಮುಂಬಯಿ ದೂರದರ್ಶನದಲ್ಲಿ ಹಿಂದೀ ಚಿತ್ರ. ವಾರದ ನಡುವೆ ‘ಛಾಯಾಗೀತ್’. ನಮ್ಮ ಮಹಡಿಗೆಲ್ಲ ಒಂದೇ ಟೆಲಿವಿಷನ್ನು, ಅದು ಪಂಜಾಬಿಯಮ್ಮನ ಮನೆಯಲ್ಲಿ. ನಾಲ್ಕು ಮನೆಯವರು ನೆಲದ ಮೇಲೆ ಕುಳಿತು ನೋಡುತ್ತಿದ್ದರು. ಅಮ್ಮನ ಕೋಡುಬಳೆಯೂ ಅವರ ಮಠರಿಯೂ ಕೈಯಿಂದ ಕೈಗೆ ಹೋಗುತ್ತಿದ್ದುವು. ಅಮ್ಮ ಊರಿಗೆ ಹೋಗುವ ಮಾತನ್ನು ಎತ್ತುವುದನ್ನು ಯಾವಾಗ ಬಿಟ್ಟರೆಂದು ನಮಗೆ ಈಗ ನೆನಪಾಗುತ್ತಿಲ್ಲ.

1983ರ ಗಣೇಶ ಚೌತಿಯ ಹಿಂದಿನ ದಿನ ಒಂದು ಪ್ರಸಂಗ ನಡೆಯಿತು. ಅವರಿಬ್ಬರೂ ಹೂವು ತರಲು ದಾದರಿಗೆ ಹೋಗಿದ್ದರು. ಮಾರುಕಟ್ಟೆಯ ಜನಸಂದಣಿಯಲ್ಲಿ ಅಮ್ಮನ ಕೈ ಪಂಜಾಬಿಯಮ್ಮನ ಕೈಯಿಂದ ತಪ್ಪಿತು. ಆ ಹೆಂಗಸು ಹುಡುಕಿ ಹುಡುಕಿ ಕೊನೆಗೆ ಒಬ್ಬರೇ ಮನೆಗೆ ಬಂದು ಬಾಗಿಲಲ್ಲಿ ನಿಂತಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. “ಮತ್ತೆ ಕೈ ಬಿಟ್ಟೆ,” ಎಂದಷ್ಟೇ ಹೇಳಿ ಕುಸಿದರು. ನಾವು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿಯುವಷ್ಟರಲ್ಲಿ ಅಮ್ಮ ಹೂವಿನ ಪೊಟ್ಟಣ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು! ಪೋಲೀಸಿನವನೊಬ್ಬನನ್ನು ಹಿಡಿದು, “ಬೇಟಾ, ಹಮ್ ಖೋ ಗಯಾ. ಸಾಯನ್ ಜಾನಾ,” ಎಂದರಂತೆ. ಅವನು ಕೈ ಹಿಡಿದು ಬಸ್ಸು ಹತ್ತಿಸಿ, ಕಂಡಕ್ಟರನಿಗೂ ಹೇಳಿ ಕಳುಹಿಸಿದನಂತೆ. “ಖೋ ಗಯಾ ಅಂದರೆ ಕಳೆದುಹೋಯಿತು ಅಂತ ಅಲ್ಲವಾ? ಎಷ್ಟು ಸಿನೇಮಾದಲ್ಲಿ ಕೇಳಿದ್ದೇನೆ,” ಎಂದರು ಅಮ್ಮ. ವ್ಯಾಕರಣ ತಪ್ಪಿತ್ತು, ಮನೆ ತಪ್ಪಲಿಲ್ಲ. ಪಂಜಾಬಿಯಮ್ಮ ಅವರನ್ನು ತಬ್ಬಿಕೊಂಡು ಬೈದರು, ಬೈದು ಅತ್ತರು. ನಾವು ಈ ಸಲ ನಗಲಿಲ್ಲ.

ಇನ್ನು, ಹಿಂದೀ ಚಿತ್ರಪಟ ಪರರ ಮನೆಯೆಂದು ಭಾವಿಸುವವರಿಗೆ ಅಲ್ಲಿ ನಮ್ಮವರ ಬೆವರೂ ಬಿದ್ದಿದೆಯೆಂದು ನೆನಪಿಸಬೇಕು. ಮೇಲೆ ಹೇಳಿದ ‘ಕಿಸ್ಮತ್’ನಲ್ಲಿ ಹಾಡಿದ ಅಮೀರಬಾಯಿ ಕರ್ನಾಟಕಿ ಬೀಳಗಿಯವರು. ‘ಪ್ಯಾಸಾ’ (1957) ನಿರ್ದೇಶಿಸಿ ನಟಿಸಿದ ಗುರುದತ್ತರು ಹುಟ್ಟಿದ್ದು 1925ರಲ್ಲಿ, ಬೆಂಗಳೂರಿನಲ್ಲಿ. ಅವರ ಮನೆತನದ ಹೆಸರು ಪಡುಕೋಣೆ ಎಂದಾಗ ಅಮ್ಮ ನೆಟ್ಟಗೆ ಕುಳಿತು, “ನಮ್ಮ ಮರವಂತೆಯ ಹತ್ತಿರದ ಪಡುಕೋಣೆಯಾ?” ಎಂದಿದ್ದರು. ಆ ದಿನದಿಂದ ಗುರುದತ್ತರು ಅವರಿಗೆ ನೆಂಟರ ಪೈಕಿ. ಗುರುದತ್ತರ ‘ಕಾಗಜ್ ಕೇ ಫೂಲ್’ (1959) ಭಾರತದ ಮೊದಲ ಸಿನೇಮಾಸ್ಕೋಪ್ ಚಿತ್ರ. ಅದರಲ್ಲಿ ಬರಿದಾದ ಸ್ಟುಡಿಯೋದೊಳಗೆ ಒಂದು ಬೆಳಕಿನ ಕೋಲು ಮೇಲಿನಿಂದ ಇಳಿಯುತ್ತದೆ. ಕನ್ನಡಿಗಳಿಂದ ಬಿಸಿಲನ್ನು ಪ್ರತಿಫಲಿಸಿ ಆ ಬೆಳಕನ್ನು ತಂದವರು ಮೈಸೂರಿನ ವಿ. ಕೆ. ಮೂರ್ತಿಯವರು. ಚಿತ್ರ ಆಗ ಸೋತಿತು; ಬೆಳಕು ಮಾತ್ರ ಉಳಿಯಿತು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು.

‘ಬಸಂತ್ ಬಹಾರ್’ (1956) ತ. ರಾ. ಸು. ಅವರ ‘ಹಂಸಗೀತೆ’ ಕಾದಂಬರಿಯಿಂದ ತೆಗೆದ ಚಿತ್ರ. ಅದರಲ್ಲಿ ಒಂದು ಸಂಗೀತ ಸ್ಪರ್ಧೆ ಬರುತ್ತದೆ. ನಾಯಕನಿಗೆ ಮನ್ನಾ ಡೇ ಅವರ ದನಿ, ಎದುರಾಳಿಗೆ ನಮ್ಮ ಭೀಮಸೇನ ಜೋಶಿಯವರ ದನಿ. ಕತೆಯ ಪ್ರಕಾರ ನಾಯಕನೇ ಗೆಲ್ಲಬೇಕು! ಭೀಮಸೇನರನ್ನು ಸೋಲಿಸಬೇಕೆಂದು ಕೇಳಿ ತಮಗೆ ಭಯವಾಗಿತ್ತೆಂದು ಮನ್ನಾ ಡೇ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಇನ್ನು ‘ಶೋಲೆ’ಯ ರಾಮಗಢ ನಮ್ಮ ರಾಮನಗರವೇ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲಿನ ಕಿಟಕಿಯಿಂದ ನಾವು ನೀವು ನೋಡಿದ ಬಂಡೆಗಳ ನಡುವೆಯೇ ಗಬ್ಬರ ಸಿಂಹನು ಓಡಾಡಿದ್ದು. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಆ ಚಿತ್ರ ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷಕ್ಕೂ ಮೀರಿ ನಡೆಯಿತು.

ಹಾಗೆಂದು ನಮಗೆ ದೂರುಗಳೇ ಇಲ್ಲವೆಂದಲ್ಲ. ಹಿಂದೀ ಚಿತ್ರಪಟವು ನಮ್ಮನ್ನು ಬಹುಕಾಲ ‘ಮದ್ರಾಸಿ’ ಎಂಬ ಒಂದೇ ಚೀಲದಲ್ಲಿ ತುಂಬಿತು. ‘ಪಡೋಸನ್’ (1968) ಚಿತ್ರದಲ್ಲಿ ಮೆಹಮೂದರು ದಕ್ಷಿಣದ ಸಂಗೀತ ಮೇಷ್ಟರಾಗಿ ಮಾಡಿದ ಹಾಸ್ಯಕ್ಕೆ ನಾವೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. ಆದರೆ ಮಾರನೆಯ ದಿನ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು ಅದೇ ಧಾಟಿಯಲ್ಲಿ ನಮ್ಮನ್ನು ಅಣಕಿಸಿದಾಗ ನಗು ಗಂಟಲಲ್ಲಿಯೇ ಉಳಿಯಿತು. ಮೆಚ್ಚಬೇಕಾದುದನ್ನು ಮೆಚ್ಚೋಣ, ಚುಚ್ಚಿದ್ದನ್ನು ಚುಚ್ಚಿತೆಂದೇ ಹೇಳೋಣ. ನಾವು ಬಂದ ವರ್ಷವೇ, 1981ರಲ್ಲಿ, ಕೆ. ಬಾಲಚಂದರ್ ಅವರ ‘ಏಕ್ ದೂಜೇ ಕೇ ಲಿಯೇ’ ಬಂತು. ಅದರ ತಮಿಳು ಹುಡುಗ ನಗೆಪಾಟಲಿನ ಗೊಂಬೆಯಲ್ಲ, ಕತೆಯ ನಾಯಕ. ಹಿಂದಿ ಬಾರದ ಅವನು ಬರಿಯ ಸಿನೇಮಾ ಹೆಸರುಗಳನ್ನೇ ಪೋಣಿಸಿ ಒಂದು ಹಾಡು ಹಾಡುತ್ತಾನೆ. ಆ ಹಾಡು ಬಂದಾಗ ನಮ್ಮ ಮನೆಯಾಕೆ ನಮ್ಮ ಕಡೆ ತಿರುಗಿ, “ಇದು ಅತ್ತೆಯ ಹಿಂದಿ,” ಎಂದಳು.

ಕೊನೆಗೆ, ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನಮ್ಮ ಅನುಭವದ ಒಂದು ಕ್ರಮ ಹೇಳುತ್ತೇವೆ. ಮೊದಲು ಹೃಷೀಕೇಶ ಮುಖರ್ಜಿಯವರ ಮನೆವಾರ್ತೆಯ ಚಿತ್ರಗಳು: ‘ಆನಂದ್’ (1971), ‘ಚುಪ್‌ಕೇ ಚುಪ್‌ಕೇ’, ‘ಗೋಲ್ ಮಾಲ್’ (1979). ಇವುಗಳಲ್ಲಿ ಹೊಡೆದಾಟದ ಗದ್ದಲವಿಲ್ಲ. ಮಾತು ಸರಳ, ಅಜ್ಜಿ ಮೊಮ್ಮಗ ಒಟ್ಟಿಗೆ ಕುಳಿತು ನೋಡಬಹುದು. ಅನಂತರ ಬಾಸು ಚಟರ್ಜಿಯವರ ‘ಛೋಟೀ ಸೀ ಬಾತ್’ (1976). ಇದರಲ್ಲಿ ನಮ್ಮಂಥ ಗುಮಾಸ್ತರ ಮುಂಬಯಿಯ ಬಸ್‌ಸ್ಟಾಪು, ಆಫೀಸುಗಳೇ ರಂಗಸ್ಥಳ. ಆಮೇಲೆ ರಾಜ್ ಕಪೂರರ ‘ಆವಾರಾ’ (1951), ಗುರುದತ್ತರ ‘ಪ್ಯಾಸಾ’. ಕಿವಿ ಪಳಗಿದ ಮೇಲೆ ‘ಅಮರ್ ಅಕ್ಬರ್ ಆಂಥೊನಿ’ಯಂಥ ಪೂರ್ಣ ಬಯಲಾಟ. ಉರ್ದುವಿನ ಬೆಡಗಿನ ‘ಮುಘಲ್-ಎ-ಆಜಂ’ (1960) ಸ್ವಲ್ಪ ಕಾಯಲಿ. ಅದು ಹಬ್ಬದೂಟ, ಹಸಿವು ಹೆಚ್ಚಿದ ಮೇಲೆ ಉಣ್ಣಬೇಕು.

ಈಗ ಮೊಬೈಲಿನಲ್ಲಿಯೇ ಚಿತ್ರ ಬರುತ್ತದೆ, ಅಡಿಯಲ್ಲಿ ಅಕ್ಷರಗಳೂ ಬರುತ್ತವೆ. ದೊಡ್ಡ ಥಿಯೇಟರುಗಳು ಒಂದೊಂದಾಗಿ ಬಾಗಿಲು ಹಾಕಿವೆ. ದಾದರಿನ ‘ಚಿತ್ರಾ’ 2019ರಲ್ಲಿ ಮುಚ್ಚಿತು. ಅನುಕೂಲ ಹೆಚ್ಚಿತು, ಬೇಡವೆನ್ನುವುದಿಲ್ಲ. ಆದರೆ ಹೊಸದಾಗಿ ಬಂದವರಿಗೆ ಒಂದು ಮಾತು: ಮೊದಲ ಚಿತ್ರವನ್ನಾದರೂ ಒಬ್ಬರೇ ಬಾಗಿಲು ಹಾಕಿಕೊಂಡು ನೋಡಬೇಡಿರಿ. ಎದುರು ಮನೆಯವರ ಬಾಗಿಲು ತಟ್ಟಿರಿ. ಅಡಿಯಲ್ಲಿ ಬರುವ ಅಕ್ಷರಗಳು ಮಾತಿನ ಅರ್ಥವನ್ನು ಹೇಳುತ್ತವೆ. ಪಕ್ಕದವರು ಎಲ್ಲಿ ಅತ್ತರೆಂಬುದನ್ನು ಹೇಳುವುದಿಲ್ಲ.

ಹಿಂದೀ ಚಿತ್ರ ನೋಡುತ್ತ ಕನ್ನಡ ಮರೆತೀತೆಂಬ ಅಂಜಿಕೆಯವರೂ ನಮ್ಮಲ್ಲಿದ್ದಾರೆ. ಅವರಿಗಾಗಿ ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇವೆ. ಮಳೆಗಾಲದಲ್ಲಿ ಊರಿನ ಮೇಳದವರು ಬಿಡುವಾಗಿ ಮುಂಬಯಿಗೆ ಬರುವುದು ನಿಮಗೆಲ್ಲ ಗೊತ್ತೇ ಇದೆ. ಚೌತಿಯ ಆ ಪ್ರಸಂಗದ ಮರುವರ್ಷ ಅಂಥದೊಂದು ಆಟಕ್ಕೆ ಅಮ್ಮ ಪಂಜಾಬಿಯಮ್ಮನನ್ನು ಹಟ ಹಿಡಿದು ಕರೆತಂದರು. ಮುಂದಿನ ಸಾಲಿನಲ್ಲಿ ಇಬ್ಬರೂ ಕುಳಿತರು. ಚೆಂಡೆ ಮೊಳಗಿತು, ಸ್ತ್ರೀವೇಷ ಬಂದು ಕುಣಿಯಿತು, ಹಿಂದಿನಿಂದ ಗಂಡು ದನಿ ಹಾಡಿತು. ಪಂಜಾಬಿಯಮ್ಮ ಕಕ್ಕಾಬಿಕ್ಕಿಯಾಗಿ ಅಮ್ಮನ ಮುಖ ನೋಡಿದರು. ಅಮ್ಮ ಜಾಗಟೆ ಹಿಡಿದು ಕುಳಿತ ಭಾಗವತರ ಕಡೆಗೆ ಕೈ ತೋರಿಸಿ, ತಮಗೆ ಬಂದ ಹಿಂದಿಯಲ್ಲಿ ಸಮಜಾಯಿಷಿ ಕೊಟ್ಟರು:

“ಯೇ ಭಾಗವತ್. ಸಬ್ ಕಾ ಗಾನಾ ಯೇ ಗಾತಾ. ಹಮಾರಾ ಲತಾ!”

ಪಂಜಾಬಿಯಮ್ಮ ತಲೆಯಾಡಿಸಿದರು. ಬೆಳಗಿನ ಜಾವ ಮಂಗಳವಾಗುವ ತನಕ ಇಬ್ಬರೂ ಎದ್ದಿರಲಿಲ್ಲ.